ಬಿಡಿಭಾಗಗಳ ಚೀಟಿ

ಮದುವೆಗೆ ತಿಂಗಳು ಮುಂಚೆ ಮನೆಯ ಹಿರಿಯರು ಪಡಸಾಲೆಯಲ್ಲಿ ಕುಳಿತು ಸಾಮಾನಿನ ಚೀಟಿ ಬರೆಸುವುದನ್ನು ನಾವೆಲ್ಲರೂ ಕಂಡಿದ್ದೇವೆ. ಅಕ್ಕಿ ಇಷ್ಟು ಪಲ್ಲ, ಬೆಲ್ಲ ಇಷ್ಟು ಮಣ, ಎಣ್ಣೆ ಇಷ್ಟು ಡಬ್ಬ ಎಂದು ಸಾಗುವ ಆ ಚೀಟಿ ಬರಿಯ ಪಟ್ಟಿಯಲ್ಲ. ಓದಬಲ್ಲವನಿಗೆ ಅದರಲ್ಲಿ ಆ ಮನೆಯ ಅನುಕೂಲ, ಅಭಿರುಚಿ, ಅಭಿಮಾನಗಳು ಮೂರೂ ಕಾಣುತ್ತವೆ. ಯಾವುದಕ್ಕೆ ಕೈ ಬಿಚ್ಚಿದ್ದಾರೆ, ಯಾವುದಕ್ಕೆ ಕೈ ಹಿಡಿದಿದ್ದಾರೆ, ಯಾವುದನ್ನು ಮರೆತಿದ್ದಾರೆ ಎಂಬುದರಲ್ಲಿಯೇ ಒಂದು ಸಂಸಾರದ ಚರಿತ್ರೆ ಅಡಗಿರುತ್ತದೆ.

ಈಚೆಗೆ ಹೊನ್ನಾಳಿಯಿಂದ ನನ್ನ ತಂಗಿಯ ಮಗ ಅಂಥದೇ ಒಂದು ಚೀಟಿಯನ್ನು ಹಿಡಿದು ಚನ್ನಗಿರಿಯ ನಮ್ಮ ಮನೆಗೆ ಬಂದ. ನೋಟ್ ಪುಸ್ತಕದ ಹಾಳೆ. ಅದರಲ್ಲಿ ಒಂದರ ಕೆಳಗೊಂದು ಹತ್ತು ಸಾಲು.

“ಮಾವ, ಇದನ್ನ ಒಂದ್ಸಲ ನೋಡಿ. ನೀವು ಹೂಂ ಅಂದ್ರೆ ಅಮ್ಮ ದುಡ್ಡು ಕೊಡ್ತಾಳಂತೆ” ಎಂದ.

ಪ್ರೊಸೆಸರ್, ಮದರ್‌ಬೋರ್ಡ್, ರ್‍ಯಾಮ್, ಗ್ರಾಫಿಕ್ಸ್ ಕಾರ್ಡ್, ಎಸ್.ಎಸ್.ಡಿ., ಎಸ್.ಎಂ.ಪಿ.ಎಸ್., ಕ್ಯಾಬಿನೆಟ್, ಮಾನಿಟರ್, ಕೀಬೋರ್ಡು, ಮೌಸು. ಅಂಗಡಿಯಲ್ಲಿ ಕಟ್ಟಿಟ್ಟಿರುವ ಕಂಪ್ಯೂಟರನ್ನು ಕೊಳ್ಳುವುದು ಬೇಡ, ಬಿಡಿಭಾಗಗಳನ್ನು ಆರಿಸಿ ತಂದು ತಾನೇ ಜೋಡಿಸುತ್ತೇನೆ ಎಂಬುದು ಹುಡುಗನ ಹಟ. ಹಟದಲ್ಲಿ ತಪ್ಪೇನೂ ಇರಲಿಲ್ಲ. ತೊಡಕು ಇದ್ದದ್ದು ಬೇರೆ ಕಡೆ. ಅಡಿಕೆ ಮಾರಿದ ಹಣದಲ್ಲಿ ನನ್ನ ತಂಗಿ ಎತ್ತಿಟ್ಟದ್ದು ೩೦,೦೦೦ ರೂಪಾಯಿ; ಉಳಿದ ೨೦,೦೦೦ ಅವನ ಅಕ್ಕನದು. ಆಕೆ ನ್ಯಾಮತಿಯ ಒಂದು ಫೋಟೋ ಸ್ಟುಡಿಯೋದಲ್ಲಿ ಮದುವೆ ಆಲ್ಬಮ್‌ಗಳನ್ನು ಜೋಡಿಸುವ ಕೆಲಸ ಮಾಡುತ್ತಾಳೆ. ದಿನವೂ ಬಸ್ಸಿನಲ್ಲಿ ಓಡಾಡುವ ಬದಲು ಮನೆಯಲ್ಲೇ ಕುಳಿತು ನಾಲ್ಕು ಸ್ಟುಡಿಯೋಗಳ ಕೆಲಸ ಹಿಡಿಯಬೇಕೆಂಬುದು ಅವಳ ಆಸೆ. ತಮ್ಮನಿಗೋ, ಆಟದ ಆಸೆ. ಯಂತ್ರ ಒಂದು, ಆಸೆ ಎರಡು, ಹಣ ೫೦,೦೦೦. ಚೀಟಿಯಲ್ಲಿ ಅದರ ಅರ್ಧದಷ್ಟನ್ನು ಗ್ರಾಫಿಕ್ಸ್ ಕಾರ್ಡಿಗೇ ಬರೆದಿತ್ತು. ಕ್ಯಾಬಿನೆಟ್ಟು ಗಾಜಿನದು, ಒಳಗೆ ಬಣ್ಣಬಣ್ಣದ ದೀಪಗಳು ಉರಿಯುವಂಥದು. ಎಸ್.ಎಂ.ಪಿ.ಎಸ್. ಎಂಬ ಸಾಲಿನ ಮುಂದೆ ಮಾತ್ರ ಹೆಸರಿರಲಿಲ್ಲ. ‘ಯಾವುದಾದರೂ’ ಎಂದು ಬರೆದಿದ್ದ.

ಆ ಒಂದು ಮಾತನ್ನು ಓದಿ ನನಗೆ ಮನಸ್ಸಿನಲ್ಲಿ ಚುರ್ರೆಂದಿತು. ಕಾರಣವನ್ನು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು, ತುಂಗಭದ್ರೆಯ ದಡದ ಒಬ್ಬ ಹುಡುಗ ಗಣಕಯಂತ್ರವನ್ನು ದಿನಸಿ ಚೀಟಿಯ ಹಾಗೆ ಬರೆಯುವಂತಾದದ್ದು ಹೇಗೆ ಎಂಬುದನ್ನು ಸ್ವಲ್ಪ ವಿಚಾರಿಸಬೇಕು. ಏಕೆಂದರೆ ಅದು ತಾನಾಗಿ ಆದದ್ದಲ್ಲ.

ಒಂದು ಕಾಲಕ್ಕೆ ಗಣಕವೆಂದರೆ ಇಡಿಯಾಗಿ ಬರುವ ವಸ್ತು. ನಮ್ಮ ದೇಶದಲ್ಲಿ ಐ.ಬಿ.ಎಂ. ಕಂಪನಿ ತನ್ನ ಯಂತ್ರಗಳನ್ನು ಬಹುಮಟ್ಟಿಗೆ ಬಾಡಿಗೆಗೆ ಕೊಡುತ್ತಿತ್ತು. ಒಳಗೆ ಕೈಯಿಡುವ ಅಧಿಕಾರ ಅದರ ಆಳುಗಳಿಗೆ ಮಾತ್ರ. ವಿದೇಶೀ ಕಂಪನಿಗಳು ತಮ್ಮ ಬಂಡವಾಳದ ಪಾಲನ್ನು ತಗ್ಗಿಸಬೇಕೆಂಬ ಕಾನೂನಿಗೆ ಒಪ್ಪದೆ ಆ ಕಂಪನಿ ೧೯೭೮ರಲ್ಲಿ ಭಾರತವನ್ನು ಬಿಟ್ಟುಹೋಯಿತು. ಮೂರೇ ವರ್ಷಗಳ ಮೇಲೆ ಅದೇ ಕಂಪನಿ ಅಮೆರಿಕದಲ್ಲಿ ಮಾಡಿದ ಒಂದು ಕೆಲಸ, ಅದು ಬಿಟ್ಟುಹೋದ ದೇಶದ ಹಳ್ಳಿಹಳ್ಳಿಗೂ ಗಣಕ ಬರುವಂತೆ ಮಾಡಿತು ಎಂಬುದು ಚರಿತ್ರೆಯ ವಿನೋದಗಳಲ್ಲಿ ಒಂದು.

೧೯೮೧ರ ಆಗಸ್ಟ್ ೧೨ರಂದು ಐ.ಬಿ.ಎಂ. ತನ್ನ ‘ಪರ್ಸನಲ್ ಕಂಪ್ಯೂಟರ್’ ಅನ್ನು ಹೊರತಂದಿತು. ಬೇಗ ಮಾರುಕಟ್ಟೆಗೆ ಬರಬೇಕೆಂಬ ಆತುರದಲ್ಲಿ ಅದು ತನ್ನ ಹಳೆಯ ಪದ್ಧತಿಯನ್ನು ಬಿಟ್ಟು, ಪ್ರೊಸೆಸರನ್ನು ಇಂಟೆಲ್‌ನಿಂದಲೂ ಕಾರ್ಯಾಚರಣೆಯ ತಂತ್ರಾಂಶವನ್ನು ಮೈಕ್ರೋಸಾಫ್ಟ್‌ನಿಂದಲೂ ತಂದು ಜೋಡಿಸಿತು. ಇತರರೂ ಅದಕ್ಕೆ ಕಾರ್ಡುಗಳನ್ನು ಮಾಡಿ ಮಾರಲೆಂದು ಯಂತ್ರದ ನಕ್ಷೆಯನ್ನು ಪುಸ್ತಕವಾಗಿಯೇ ಅಚ್ಚುಹಾಕಿಸಿತು. ಬೀಗ ಉಳಿದದ್ದು ಒಂದೇ ಒಂದು: ಯಂತ್ರವನ್ನು ಎಬ್ಬಿಸುವ ಬಯೋಸ್ ಎಂಬ ಚಿಕ್ಕ ತಂತ್ರಾಂಶ. ಅದರ ಹಕ್ಕು ಐ.ಬಿ.ಎಂ.ನದು, ನಕಲು ಮಾಡಿದರೆ ಅಪರಾಧ.

ಕಂಪ್ಯಾಕ್ ಎಂಬ ಹೊಸ ಕಂಪನಿ ಈ ಬೀಗವನ್ನು ಒಡೆಯಲಿಲ್ಲ. ಬೇರೆಯೇ ಕೀಲಿಕೈಯನ್ನು ಮಾಡಿಕೊಂಡಿತು. ಒಂದು ಗುಂಪಿನವರು ಬಯೋಸ್ ಏನೇನು ಕೆಲಸ ಮಾಡುತ್ತದೆಂಬುದನ್ನು ಮಾತ್ರ ಬರೆದಿಟ್ಟರು. ಅದನ್ನು ಎಂದೂ ಕಣ್ಣಿಂದ ಕಾಣದ ಇನ್ನೊಂದು ಗುಂಪಿನವರು ಆ ವಿವರಣೆಯನ್ನು ನೋಡಿ ಹೊಸದಾಗಿ ಬರೆದರು. ಅಡಿಗೆಯ ರುಚಿಯನ್ನು ಒಬ್ಬನು ಬಣ್ಣಿಸಿ, ಆ ಮನೆಯ ಊಟವನ್ನೇ ಉಣ್ಣದ ಇನ್ನೊಬ್ಬನು ಅದೇ ರುಚಿಯ ಸಾರು ಮಾಡಿದ ಹಾಗಾಯಿತು. ೧೯೮೨ರ ಕೊನೆಯಲ್ಲಿ ಸಾರಿದ ಆ ಯಂತ್ರ ೧೯೮೩ರಲ್ಲಿ ಮಾರಾಟಕ್ಕೆ ಬಂತು. ೧೯೮೪ರಲ್ಲಿ ಫೀನಿಕ್ಸ್ ಎಂಬ ಕಂಪನಿ ಇದೇ ರೀತಿ ಬರೆದ ಬಯೋಸನ್ನು ಕೇಳಿದವರಿಗೆಲ್ಲ ಮಾರತೊಡಗಿತು. ಅಲ್ಲಿಂದ ಮುಂದೆ ಪಿ.ಸಿ. ಎಂಬುದು ಒಬ್ಬರ ಸ್ವತ್ತಾಗಿ ಉಳಿಯಲಿಲ್ಲ. ಕಡೆಗೆ ೨೦೦೫ರಲ್ಲಿ ಐ.ಬಿ.ಎಂ.ನವರೇ ಆ ವ್ಯಾಪಾರವನ್ನು ಚೀನದ ಲೆನೊವೊ ಕಂಪನಿಗೆ ಮಾರಿ ಕೈತೊಳೆದುಕೊಂಡರು. ಹೆತ್ತ ಮನೆಯಲ್ಲಿ ಕೂಸು ನಿಲ್ಲಲಿಲ್ಲ. ಊರೆಲ್ಲ ಅದನ್ನು ಸಾಕಿತು.

ನಮ್ಮಲ್ಲಿ ೧೯೮೪ರ ನವೆಂಬರಿನ ಗಣಕ ನೀತಿ ಬಿಡಿಭಾಗಗಳ ಆಮದಿಗೆ ಬಾಗಿಲನ್ನು ಅರೆ ತೆರೆಯಿತು. ೧೯೯೧ರ ಆರ್ಥಿಕ ಸುಧಾರಣೆಗಳು ಅದನ್ನು ಇನ್ನಷ್ಟು ತೆರೆದವು. ೧೯೯೭ರಲ್ಲಿ ಭಾರತ ಮಾಹಿತಿ ತಂತ್ರಜ್ಞಾನದ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸೇರಿ, ೨೦೦೫ರ ವೇಳೆಗೆ ಇಂಥ ಸರಕುಗಳ ಸುಂಕವನ್ನು ಸೊನ್ನೆಗೆ ಇಳಿಸಲು ಒಪ್ಪಿತು. ಈ ನೀತಿಗಳ ಫಲವನ್ನು ಕಣ್ಣಾರೆ ಕಾಣಬೇಕಾದರೆ ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಗೆ ಹೋಗಬೇಕು. ಜನರ ಬಾಯಲ್ಲಿ ಅದು ಎಸ್.ಪಿ. ರೋಡ್. ಮೋಟಾರು, ತಂತಿ, ಬೋಲ್ಟು, ನಟ್ಟುಗಳ ಅಂಗಡಿಗಳ ಮಗ್ಗುಲಲ್ಲೇ ಮದರ್‌ಬೋರ್ಡುಗಳನ್ನು ತರಕಾರಿಯಂತೆ ಪೇರಿಸಿಟ್ಟ ಮಳಿಗೆಗಳು ಎದ್ದವು. ದಾವಣಗೆರೆ ಶಿವಮೊಗ್ಗಗಳಿಂದ ರಾತ್ರಿ ಬಸ್ಸು ಹತ್ತಿ, ಬೆಳಗ್ಗೆ ಅಲ್ಲಿ ಇಳಿದು, ಸಂಜೆ ರಟ್ಟಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂತಿರುಗಿದವರ ಒಂದು ಪೀಳಿಗೆಯೇ ಉಂಟು. ಆ ಪೀಳಿಗೆಯಲ್ಲಿ ನಾನೂ ಒಬ್ಬ.

ಕನ್ನಡಕ್ಕೂ ಈ ಬಿಡಿಭಾಗಗಳ ಋಣವಿದೆ. ಗಣಕಕ್ಕೆ ನಮ್ಮ ಲಿಪಿ ಬಂದದ್ದು ಮೊದಮೊದಲು ತಂತ್ರಾಂಶವಾಗಿ ಮಾತ್ರವಲ್ಲ, ಕೈಯಲ್ಲಿ ಹಿಡಿಯಬಹುದಾದ ಒಂದು ಕಾರ್ಡಾಗಿಯೂ. ಕಾನ್ಪುರದ ಐ.ಐ.ಟಿ.ಯಲ್ಲಿ ಹುಟ್ಟಿ ಮುಂದೆ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ‘ಜಿಸ್ಟ್’ ಕಾರ್ಡನ್ನು ಪಿ.ಸಿ.ಯ ಖಾಲಿ ಕಿಂಡಿಗೆ ಸಿಕ್ಕಿಸಿದರೆ ಪರದೆಯ ಮೇಲೆ ಭಾರತೀಯ ಲಿಪಿಗಳು ಮೂಡುತ್ತಿದ್ದವು. ಐ.ಬಿ.ಎಂ.ನವರು ಬಿಟ್ಟಿದ್ದ ಖಾಲಿ ಕಿಂಡಿಯಲ್ಲಿ ಕನ್ನಡ ಬಂದು ಕುಳಿತಿತು ಎಂದರೆ ಅತಿಶಯೋಕ್ತಿಯಾಗದು. ಕಿನ್ನಿಕಂಬಳ ಪದ್ಮನಾಭ ರಾಯರು ರೂಪಿಸಿದ ಕೀಲಿಮಣೆ ವಿನ್ಯಾಸ, ೧೯೯೮ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇವು ಬಂದ ಮೇಲೆ ಕಾರ್ಡಿನ ಹಂಗು ಹೋಯಿತು, ಸಾಧಾರಣ ಪಿ.ಸಿ. ಇದ್ದವನೂ ಕನ್ನಡ ಬರೆಯಬಹುದಾಯಿತು.

ನಮ್ಮ ಸೀಮೆಯ ರೈತರಲ್ಲಿ ಅನೇಕರು ಗಣಕವನ್ನು ಮೊದಲು ಕಂಡದ್ದು ತಾಲ್ಲೂಕು ಕಚೇರಿಯಲ್ಲಿ ಎಂದು ನನ್ನ ಎಣಿಕೆ. ‘ಭೂಮಿ’ ಯೋಜನೆಯಲ್ಲಿ ೬೭ ಲಕ್ಷ ರೈತರ ಸುಮಾರು ೨ ಕೋಟಿ ಪಹಣಿಗಳನ್ನು ರಾಜ್ಯದ ೧೭೭ ತಾಲ್ಲೂಕುಗಳಲ್ಲಿ ಗಣಕಕ್ಕೆ ಏರಿಸಿದರು. ಚನ್ನಗಿರಿ, ಹೊನ್ನಾಳಿ, ಜಗಳೂರು ಮೂರೂ ಆಗ ತಾಲ್ಲೂಕು ಕೇಂದ್ರಗಳು. ನ್ಯಾಮತಿಯವರು ಆ ದಿನಗಳಲ್ಲಿ ಪಹಣಿಗೆ ಹೊನ್ನಾಳಿಗೇ ಬರಬೇಕಾಗಿತ್ತು. ಅದು ತಾನೇ ತಾಲ್ಲೂಕಾದದ್ದು ೨೦೧೮ರ ಸುಮಾರಿಗೆ. ಆಗ ೧೫ ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಕೈಗೆ ಬರುತ್ತಿತ್ತು. ಸರದಿಯಲ್ಲಿ ನಿಂತ ಮುದುಕನೊಬ್ಬ ಕಿಟಕಿಯೊಳಕ್ಕೆ ಬಗ್ಗಿ, ತನ್ನ ಹೊಲದ ಸರ್ವೆ ನಂಬರು ಪರದೆಯ ಮೇಲೆ ಮೂಡಿದ್ದನ್ನು ನೋಡಿ ಕೈಮುಗಿದದ್ದನ್ನು ನಾನು ಕಂಡಿದ್ದೇನೆ. ಯಂತ್ರಕ್ಕೋ ಹೊಲಕ್ಕೋ ತಿಳಿಯಲಿಲ್ಲ.

ಅದೇ ಕಾಲದಲ್ಲಿ ಬೆಂಗಳೂರಿನಲ್ಲಿ ಇನ್ನೊಂದು ದೊಡ್ಡ ಪ್ರಯತ್ನ ನಡೆಯಿತು. ಭಾರತೀಯ ವಿಜ್ಞಾನ ಮಂದಿರದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಮುಂತಾದವರೂ ಎನ್‌ಕೋರ್ ಕಂಪನಿಯವರೂ ಸೇರಿ, ಬಡವನ ಕೈಗೆಟುಕುವ ‘ಸಿಂಪ್ಯೂಟರ್’ ಎಂಬ ಅಂಗೈಯಗಲದ ಗಣಕವನ್ನು ರೂಪಿಸಿದರು. ೨೦೦೧ರಲ್ಲಿ ಅದರ ಮಾದರಿಯನ್ನು ತೋರಿಸಿದಾಗ ಸುಮಾರು ೯,೦೦೦ ರೂಪಾಯಿಗೆ ಕೊಡುವ ಗುರಿಯಿತ್ತು. ೨೦೦೪ರಲ್ಲಿ ‘ಅಮಿಡ’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದಾಗ ಅದರ ಕನಿಷ್ಠ ಬೆಲೆ ೯,೯೫೦. ಉದ್ದೇಶ ಘನವಾದದ್ದು, ಬುದ್ಧಿ ಚುರುಕಾದದ್ದು. ಆದರೂ ಅದು ಜನರಲ್ಲಿ ಬೇರೂರಲಿಲ್ಲ. ಇದಕ್ಕೆ ಹತ್ತು ಕಾರಣಗಳನ್ನು ಹೇಳಬಹುದು. ನನಗೆ ತೋಚುವ ಒಂದು ಕಾರಣ ಇದು: ಬಡವನಿಗೆಂದು ಮಾಡಿದ ವಸ್ತು ಇಡಿಯಾಗಿತ್ತು, ಬಡವ ಬಾಳುವುದು ಬಿಡಿಬಿಡಿಯಾಗಿ. ಈ ವರ್ಷ ಗೋಡೆ, ಬರುವ ವರ್ಷ ಹೆಂಚು, ಅದರಾಚೆಯ ವರ್ಷ ಗಿಲಾವು ಎಂದು ಮನೆ ಕಟ್ಟುವವನಿಗೆ, ಇಂದು ಇಷ್ಟು ಕೊಂಡು ನಾಳೆ ಅಷ್ಟು ಸೇರಿಸಬಹುದಾದ ಪೆಟ್ಟಿಗೆಯೇ ಹೊಂದಿಕೆಯಾಗುತ್ತದೆ.

ಈಗ ‘ಯಾವುದಾದರೂ’ ಎಂಬ ಮಾತಿಗೆ ಬರುತ್ತೇನೆ.

೨೦೦೫ರಲ್ಲಿ ನಾನು ಬೆಂಗಳೂರಿನಲ್ಲಿ ಒಂದು ಕಂಪ್ಯೂಟರನ್ನು ಜೋಡಿಸಿಸಿಕೊಂಡು ಬಂದೆ. ಪ್ರೊಸೆಸರಿನ ಹೆಸರು ಕೇಳಿದೆ, ರ್‍ಯಾಮ್ ಎಷ್ಟೆಂದು ಕೇಳಿದೆ, ಎಸ್.ಎಂ.ಪಿ.ಎಸ್. ಯಾವುದೆಂದು ಕೇಳಲಿಲ್ಲ. ಗೋಡೆಯಿಂದ ಬರುವ ೨೩೦ ವೋಲ್ಟಿನ ವಿದ್ಯುತ್ತನ್ನು ೧೨, ೫, ೩.೩ ವೋಲ್ಟುಗಳಿಗೆ ಇಳಿಸಿ ಒಳಗಿನ ನಾಜೂಕು ಭಾಗಗಳಿಗೆ ಹಂಚುವುದು ಅದರ ಕೆಲಸ. ಕ್ಯಾಬಿನೆಟ್ಟಿನ ಜೊತೆಗೆ ಬಂದದ್ದನ್ನೇ ಹಾಕಿಕೊಟ್ಟರು. ಮೇಲೆ ‘೪೫೦ ವ್ಯಾಟ್’ ಎಂಬ ಚೀಟಿ ಅಂಟಿಸಿತ್ತು. ಎತ್ತಿದರೆ ಖಾಲಿ ಡಬ್ಬದ ಹಾಗೆ ಹಗುರ. ಆ ಹಗುರವೇ ನನಗೆ ಎಚ್ಚರಿಕೆ ಹೇಳಬೇಕಾಗಿತ್ತು.

ಆ ಯಂತ್ರದಲ್ಲಿ ನಾನು ನನ್ನ ತಂದೆಯವರು ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದೆ. ಸೂಳೆಕೆರೆಯ ಅಂಚಿನ ಹಳ್ಳಿಗಳ ನೆನಪುಗಳು. ಕೆರೆ ಕೋಡಿ ಬಿದ್ದ ವರ್ಷ, ಪ್ಲೇಗಿಗೆ ಊರು ಬಿಟ್ಟ ವರ್ಷ, ಸಂತೇಬೆನ್ನೂರಿನ ಪುಷ್ಕರಣಿಯಲ್ಲಿ ಈಜು ಕಲಿತದ್ದು, ಯಾವ ಮನೆತನ ಎಲ್ಲಿಂದ ಬಂತು ಎಂಬುದು. ಸಂಜೆ ದೀಪ ಹಚ್ಚಿದ ಮೇಲೆ ಅವರು ಹೇಳುವರು, ನಾನು ಬರೆಯುವೆನು. ಎಂಬತ್ತು ಪುಟ ದಾಟಿತ್ತು. ತಂದೆಯವರು ತೀರಿಕೊಂಡರು. ಮರು ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಕರೆಂಟು ಹೋಗಿ, ಬಂದು, ಮತ್ತೆ ಹೋಗಿ, ಜೋರಾಗಿ ಬಂತು. ಪೆಟ್ಟಿಗೆಯೊಳಗೆ ಪಟಾಕಿಯಂಥ ಸದ್ದು, ಸುಟ್ಟ ವಾಸನೆ. ಎಸ್.ಎಂ.ಪಿ.ಎಸ್. ತಾನು ಸಾಯುವಾಗ ಮದರ್‌ಬೋರ್ಡನ್ನೂ ಹಾರ್ಡ್ ಡಿಸ್ಕನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಇನ್ನೊಂದು ಪ್ರತಿಯನ್ನು ನಾನು ಎಲ್ಲಿಯೂ ಇಟ್ಟಿರಲಿಲ್ಲ. ಕೆಲವು ನೂರು ರೂಪಾಯಿ ಉಳಿಸಿದ್ದೆ. ಒಬ್ಬ ಮನುಷ್ಯನ ನೆನಪನ್ನು ಕಳೆದಿದ್ದೆ.

ಈ ಕತೆಯನ್ನು ನಾನು ಮನೆಯಲ್ಲಿ ಯಾರಿಗೂ ಪೂರ್ತಿ ಹೇಳಿರಲಿಲ್ಲ. ಅಂದು ಅಳಿಯನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಜ್ಜ ಹೇಳಿದ್ದೆಲ್ಲ ಹೋಯ್ತಾ ಮಾವ?” ಎಂದು ಕೇಳಿದ. “ನನಗೆ ನೆನಪಿರೋದಷ್ಟು ಉಳಿದಿದೆ” ಎಂದೆ. ಅವನು ಪೆನ್ನು ತೆಗೆದು ‘ಯಾವುದಾದರೂ’ ಎಂಬುದನ್ನು ಹೊಡೆದುಹಾಕಿದ.

ಅಲ್ಲಿಂದ ನಮ್ಮ ನಿಜವಾದ ವಿಚಾರ ಪ್ರಾರಂಭವಾಯಿತು. ಅವನಿಗೆ ನಾನು ಹೇಳಿದ ಸೂತ್ರ ಒಂದೇ: ಮುಂದೆ ಸುಲಭವಾಗಿ ಬದಲಿಸಬಹುದಾದುದಕ್ಕೆ ಈಗ ಕೈ ಹಿಡಿ, ಬದಲಿಸಲು ಕಷ್ಟವಾದುದಕ್ಕೆ ಈಗಲೇ ಕೈ ಬಿಚ್ಚು. ಗ್ರಾಫಿಕ್ಸ್ ಕಾರ್ಡು ಒಂದು ಕಿಂಡಿಯಲ್ಲಿ ಕೂರುವ ಅತಿಥಿ. ಇಂದಲ್ಲದಿದ್ದರೆ ನಾಳೆ ಬಂದಾನು. ಮದರ್‌ಬೋರ್ಡು ಮನೆಯ ಅಡಿಪಾಯ. ಎಸ್.ಎಂ.ಪಿ.ಎಸ್. ಮನೆಯ ನೀರು.

ಹುಡುಗನಿಗೆ ಇದು ಹಿಡಿಸಲಿಲ್ಲ. “ಗ್ರಾಫಿಕ್ಸ್ ಕಾರ್ಡ್ ಇಲ್ದಿದ್ರೆ ಅದು ಗೇಮಿಂಗ್ ಪಿ.ಸಿ.ನೇ ಅಲ್ಲ ಮಾವ” ಎಂದ. ಅವನ ಮಾತಿನಲ್ಲೂ ಸತ್ಯವಿದೆ. ೧೯೯೯ರಲ್ಲಿ ಎನ್‌ವಿಡಿಯ ಕಂಪನಿ ‘ಜಿಫೋರ್ಸ್ ೨೫೬’ ಕಾರ್ಡನ್ನು ತಂದಾಗಿನಿಂದ ಆಟದ ಲೋಕಕ್ಕೆ ಆ ಕಾರ್ಡೇ ಪ್ರಾಣ. ಆದರೆ ಆ ಕಾರ್ಡಿನ ಕತೆ ಆಟದಲ್ಲೇ ನಿಲ್ಲಲಿಲ್ಲ. ಪರದೆಯ ಸಾವಿರಾರು ಚುಕ್ಕೆಗಳನ್ನು ಏಕಕಾಲದಲ್ಲಿ ಲೆಕ್ಕ ಹಾಕಲೆಂದು ಹುಟ್ಟಿದ ಆ ಚಿಪ್ಪಿಗೆ ಬೇರೆ ಲೆಕ್ಕಗಳನ್ನೂ ಮಾಡಿಸಬಹುದೆಂದು ವಿಜ್ಞಾನಿಗಳು ಕಂಡುಕೊಂಡರು. ೨೦೧೨ರಲ್ಲಿ ಟೊರಾಂಟೊ ವಿಶ್ವವಿದ್ಯಾನಿಲಯದ ಮೂವರು ಸಂಶೋಧಕರು, ಹುಡುಗರು ಆಟಕ್ಕೆ ಕೊಳ್ಳುವ ಎರಡು ಕಾರ್ಡುಗಳನ್ನೇ ಬಳಸಿ, ಚಿತ್ರಗಳನ್ನು ಗುರುತಿಸುವ ಸ್ಪರ್ಧೆಯಲ್ಲಿ ಉಳಿದವರನ್ನೆಲ್ಲ ಬಹಳ ಹಿಂದೆ ಹಾಕಿದರು. ಈಗ ಲೋಕವೆಲ್ಲ ಮಾತಾಡುವ ಕೃತಕ ಬುದ್ಧಿಮತ್ತೆಯ ದೊಡ್ಡ ತಿರುವುಗಳಲ್ಲಿ ಅದೊಂದು. ಆಟದ ಸಾಮಾನು ವಿದ್ಯೆಯ ಸಾಮಾನಾಯಿತು.

ಈ ಉಪಕಾರಕ್ಕೆ ಆಟದ ಹುಡುಗರಿಗೆ ಸಂದ ಪ್ರತಿಫಲವನ್ನು ಕೇಳಿದರೆ ನಗು ಬರುತ್ತದೆ. ಮೊದಲು ಕ್ರಿಪ್ಟೊ ನಾಣ್ಯ ತೆಗೆಯುವವರು ಕಾರ್ಡುಗಳನ್ನು ಗಾಡಿಗಟ್ಟಲೆ ಕೊಂಡು ಬೆಲೆ ಏರಿಸಿದರು. ೨೦೨೨ರ ಸೆಪ್ಟೆಂಬರಿನಲ್ಲಿ ಎಥೀರಿಯಮ್ ತನ್ನ ಪದ್ಧತಿಯನ್ನು ಬದಲಿಸಿದ ಮೇಲೆ ಆ ಕಾಟ ಇಳಿಯಿತು. ಆಮೇಲೆ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳು ರ್‍ಯಾಮ್ ಚಿಪ್ಪುಗಳನ್ನು ನುಂಗತೊಡಗಿದವು. ಕಾರ್ಖಾನೆಗಳು ಲಾಭ ಹೆಚ್ಚಿದ ಕಡೆಗೆ ತಿರುಗಿದವು. ೨೦೨೫ರ ಕೊನೆಯ ತಿಂಗಳುಗಳಲ್ಲಿ ಸಾಧಾರಣ ರ್‍ಯಾಮಿನ ಬೆಲೆ ಕಂಡಾಪಟ್ಟೆ ಏರಿತು. ಡಿಸೆಂಬರಿನಲ್ಲಿ ಮೈಕ್ರಾನ್ ಕಂಪನಿ, ಸಾಮಾನ್ಯ ಗ್ರಾಹಕರಿಗೆಂದು ತಾನು ನಡೆಸುತ್ತಿದ್ದ ‘ಕ್ರೂಷಿಯಲ್’ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಸಾರಿತು.

ಚನ್ನಗಿರಿಯವರಿಗೆ ಇದು ಹೊಸ ಪಾಠವಲ್ಲ. ನಮ್ಮ ಅಡಿಕೆಯ ದರವನ್ನು ನಿಶ್ಚಯಿಸುವವರು ನಮ್ಮ ಊರಿನವರಲ್ಲ. ಎಲ್ಲೋ ಉತ್ತರದ ಪಾನ್ ಮಸಾಲೆಯ ಕಾರ್ಖಾನೆಯವರು ಕೊಂಡರೆ ಏರು, ಬಿಟ್ಟರೆ ಇಳಿ. ಅಡಿಕೆ ಮಾರುವಾಗ ಯಾರ ಕೈಯಲ್ಲೋ ಇದ್ದ ದರ, ಆ ಹಣದಲ್ಲಿ ರ್‍ಯಾಮ್ ಕೊಳ್ಳುವಾಗಲೂ ಯಾರ ಕೈಯಲ್ಲೋ ಇದೆ. ಎರಡು ತುದಿಯಲ್ಲೂ ನಾವು ದರ ಕೇಳುವವರೇ ಹೊರತು ಹೇಳುವವರಲ್ಲ. ಹುಡುಗನ ಚೀಟಿಯಲ್ಲಿ ರ್‍ಯಾಮಿನ ಮುಂದೆ ಇದ್ದ ಬೆಲೆ ಹಳೆಯದು. ಅದನ್ನು ಅಂದಿನ ದರಕ್ಕೆ ತಿದ್ದಿದೊಡನೆ ಲೆಕ್ಕವೆಲ್ಲ ಕುಸಿಯಿತು. ಅವನ ಮುಖವೂ.

ಆಗ ನನಗೆ ಜಗಳೂರಿನ ಮೇಷ್ಟ್ರು ನೆನಪಾದರು.

ಅವರು ನನ್ನ ಹಳೆಯ ಸ್ನೇಹಿತರು. ನಿವೃತ್ತ ಗಣಿತದ ಉಪಾಧ್ಯಾಯರು. ಜಗಳೂರು ಮಳೆ ಕಡಮೆಯ, ಧೂಳು ಹೆಚ್ಚಿನ ತಾಲ್ಲೂಕು. ಅಂಥ ಊರಿನಲ್ಲಿ ಅವರು ೨೦೦೯ರಿಂದ ಒಂದೇ ಕಂಪ್ಯೂಟರನ್ನು ನಡೆಸಿಕೊಂಡು ಬಂದಿದ್ದಾರೆ. ಒಂದೇ ಎಂದೆನಲ್ಲ, ಆ ಮಾತನ್ನು ಸ್ವಲ್ಪ ಬಿಡಿಸಬೇಕು. ಎಸ್.ಎಂ.ಪಿ.ಎಸ್. ಅನ್ನು ಎರಡು ಸಲ ಬದಲಿಸಿದ್ದಾರೆ. ಮದರ್‌ಬೋರ್ಡು ಮೂರನೆಯದು. ಹಾರ್ಡ್ ಡಿಸ್ಕಿನ ಜಾಗದಲ್ಲಿ ಎಸ್.ಎಸ್.ಡಿ. ಬಂದಿದೆ. ಹಳೆಯದೆಂದು ಉಳಿದಿರುವುದು ಕ್ಯಾಬಿನೆಟ್ಟಿನ ತಗಡು ಮತ್ತು ಒತ್ತುವ ಗುಂಡಿ. ತಿಂಗಳಿಗೊಮ್ಮೆ ಬಣ್ಣ ಬಳಿಯುವ ಕುಂಚದಿಂದ ಧೂಳನ್ನು ಹೊಡೆಯುತ್ತಾರೆ. “ಅದೇ ಕಂಪ್ಯೂಟರ್ ಹೇಗಾಯ್ತು ಸಾರ್?” ಎಂದು ನನ್ನ ಅಳಿಯ ಕೇಳಿದ್ದಕ್ಕೆ, “ನಿಮ್ಮ ಊರಿನ ತೇರು ಅದೇ ತೇರು ಹೇಗಾಯ್ತಪ್ಪ? ಗಾಲಿ ಬದಲಾಗಿದೆ, ಅಚ್ಚು ಬದಲಾಗಿದೆ, ಮಿಣಿ ವರ್ಷವರ್ಷವೂ ಹೊಸದು” ಎಂದರು.

ಈ ತೇರು ಹೀಗೆ ಸಾಗುವುದಕ್ಕೆ ಕಾರಣ ಅಳತೆ. ೧೯೯೫ರಲ್ಲಿ ಇಂಟೆಲ್ ಕಂಪನಿ ‘ಎ.ಟಿ.ಎಕ್ಸ್.’ ಎಂಬ ಅಳತೆಯನ್ನು ಗೊತ್ತುಮಾಡಿತು: ಬೋರ್ಡು ೩೦೫ ಮಿಲಿಮೀಟರ್ ಉದ್ದ, ೨೪೪ ಅಗಲ, ಮೊಳೆಯ ತೂತು ಇಂಥಲ್ಲಿ, ವಿದ್ಯುತ್ತಿನ ಪೆಟ್ಟಿಗೆ ಇಂಥಲ್ಲಿ. ೧೯೯೭ರಲ್ಲಿ ಅದರ ಚಿಕ್ಕ ತಮ್ಮನಾದ ಮೈಕ್ರೋ ಎ.ಟಿ.ಎಕ್ಸ್. ಬಂತು. ಪರಸ್ಪರ ಕತ್ತು ಹಿಸುಕುವ ಕಂಪನಿಗಳೆಲ್ಲ ಈ ಅಳತೆಗೆ ಮಾತ್ರ ತಲೆಬಾಗಿದವು. ಆದ್ದರಿಂದಲೇ ಮೇಷ್ಟ್ರ ೨೦೦೯ರ ತಗಡಿನೊಳಗೆ ಹತ್ತು ವರ್ಷ ಕಿರಿಯ ಬೋರ್ಡು ತಕರಾರಿಲ್ಲದೆ ಕುಳಿತಿದೆ. ಪ್ರೊಸೆಸರ್ ಕೂರುವ ಪೀಠದ ವಿಷಯದಲ್ಲಿ ಇಷ್ಟು ಧಾರಾಳವಿಲ್ಲ. ಇಂಟೆಲ್ ತನ್ನ ಪೀಠವನ್ನು ೨೦೧೫, ೨೦೨೦, ೨೦೨೧, ೨೦೨೪ರಲ್ಲಿ ಬದಲಿಸಿತು. ಎ.ಎಂ.ಡಿ.ಯವರ ‘ಎ.ಎಂ.೪’ ಪೀಠ ೨೦೧೬ರಲ್ಲಿ ಬಂದದ್ದು, ೨೦೨೨ರಲ್ಲಿ ಎ.ಎಂ.೫ ಬಂದ ಮೇಲೂ, ೨೦೨೪ರಲ್ಲಿ ಸಹ ಹಳೆಯ ಪೀಠಕ್ಕೆ ಹೊಸ ಪ್ರೊಸೆಸರುಗಳು ಬಂದವು. ಹುಡುಗ ಬರೆದಿದ್ದದ್ದು ಎ.ಎಂ.೫. ಅದಕ್ಕೆ ಡಿ.ಡಿ.ಆರ್.೫ ರ್‍ಯಾಮೇ ಆಗಬೇಕು. ಎ.ಎಂ.೪ಕ್ಕೆ ಡಿ.ಡಿ.ಆರ್.೪. ಒಂದರ ಕಡ್ಡಿ ಇನ್ನೊಂದರ ಕಿಂಡಿಗೆ ಹೋಗದಂತೆ ಕಚ್ಚನ್ನೇ ಬೇರೆ ಜಾಗದಲ್ಲಿ ಕೊರೆದಿರುತ್ತಾರೆ.

ಮೇಷ್ಟ್ರ ಯಂತ್ರದಲ್ಲಿ ೮ ಜಿ.ಬಿ.ಯ ನಾಲ್ಕು ಡಿ.ಡಿ.ಆರ್.೪ ಕಡ್ಡಿಗಳಿದ್ದವು, ೨೦೨೩ರಲ್ಲಿ ಬೆಲೆ ಇಳಿದಿದ್ದಾಗ ಎರಡನ್ನು ಹೆಚ್ಚಾಗಿ ಕೊಂಡಿದ್ದರಂತೆ. ನಮ್ಮ ಕಷ್ಟವನ್ನು ಕೇಳಿದವರೇ ಕ್ಯಾಬಿನೆಟ್ಟಿನ ಪಕ್ಕವನ್ನು ಬಿಚ್ಚಿ, ಎರಡು ಕಡ್ಡಿಗಳನ್ನು ಎಳೆದು, ಹಳೆಯ ವೃತ್ತಪತ್ರಿಕೆಯಲ್ಲಿ ಸುತ್ತಿ ಹುಡುಗನ ಕೈಗಿಟ್ಟರು. “ಲೆಕ್ಕ ಬರೆಯೋಕೆ ನನಗೆ ಹದಿನಾರು ಸಾಕು” ಎಂದರು. ನಾನು ಹಣದ ಮಾತೆತ್ತಿದಾಗ, “ಮುಯ್ಯಿ ಅಂತ ಇಟ್ಕೊಳ್ಳಿ. ನನ್ನ ತೇರಿನ ಗಾಲಿ ಮುರಿದಾಗ ಇವನು ಬಂದು ಕೂರಿಸಲಿ” ಎಂದು ನಕ್ಕರು.

ಹಿಂತಿರುಗುವಾಗ ಬಸ್ಸಿನಲ್ಲಿ ಹುಡುಗ ಪೊಟ್ಟಣವನ್ನು ಬಿಚ್ಚಿ ಬಿಚ್ಚಿ ನೋಡಿದ. ಕಡ್ಡಿಯ ಅಂಚಿನ ಹಳದಿ ಗೆರೆಗಳು ಬಿಸಿಲಿಗೆ ಮಿನುಗಿದವು. ಅದು ಚಿನ್ನದ ಲೇಪ. ತುಕ್ಕು ಹಿಡಿಯಬಾರದೆಂದು ಹಾಕಿರುತ್ತಾರೆ. ಹೊನ್ನಿನ ಹೆಸರನ್ನೇ ಹೊತ್ತ ಊರಿನವನು ಅವನು. ಆ ಸೀಮೆಯಲ್ಲಿ ಹಿಂದೆ ಚಿನ್ನದ ಗಣಿ ತೋಡಿದ್ದೂ ಉಂಟು. “ನಿಮ್ಮೂರಿಗೆ ಹೊನ್ನು ವಾಪಸ್ ಬಂತು ನೋಡು” ಎಂದೆ.

ಮನೆಗೆ ಬಂದು ಅಕ್ಕ, ತಮ್ಮ ಇಬ್ಬರನ್ನೂ ಕೂರಿಸಿಕೊಂಡು ಚೀಟಿಯನ್ನು ಹೊಸದಾಗಿ ಬರೆದೆವು. ಪ್ರೊಸೆಸರು ಎ.ಎಂ.ಡಿ.ಯ ರೈಜೆನ್ ೫ ೫೬೦೦ಜಿ. ೨೦೨೧ರಲ್ಲಿ ಬಂದದ್ದು, ಆರು ಕೋರ್, ೬೫ ವ್ಯಾಟ್, ಚಿತ್ರ ಮೂಡಿಸುವ ಶಕ್ತಿ ಅದರೊಳಗೇ ಇದೆ. ಅಂಥ ಪ್ರೊಸೆಸರು ತನ್ನ ಚಿತ್ರದ ಕೆಲಸಕ್ಕೂ ಯಂತ್ರದ ರ್‍ಯಾಮನ್ನೇ ಬಳಸುವುದರಿಂದ, ೧೬ರ ಒಂದು ಕಡ್ಡಿಗಿಂತ ೮ರ ಎರಡು ಕಡ್ಡಿ ಮೇಲು. ಸೂಳೆಕೆರೆಯಿಂದ ಸಿದ್ಧನಾಲೆ, ಬಸವನಾಲೆ ಎಂದು ಎರಡು ಕಡೆ ನೀರು ಹರಿಯುವ ಹಾಗೆ ಎರಡು ದಾರಿಯಲ್ಲಿ ಒಮ್ಮೆಗೇ ಹರಿಯುತ್ತದೆ. ೨೦೨೦ರಲ್ಲಿ ಬಂದ ‘ವ್ಯಾಲೊರೆಂಟ್’ ಎಂಬ ಆಟವೇ ಹುಡುಗನ ಮುಖ್ಯ ಚಟ. ಅದಕ್ಕೆ ಇಷ್ಟು ಸಾಕು. ಆಲ್ಬಮ್ಮಿನ ಕೆಲಸಕ್ಕೆ ಗ್ರಾಫಿಕ್ಸ್ ಕಾರ್ಡಿಗಿಂತ ರ್‍ಯಾಮು, ವೇಗದ ಎಸ್.ಎಸ್.ಡಿ., ಬಣ್ಣವನ್ನು ನಿಜವಾಗಿ ತೋರಿಸುವ ಐ.ಪಿ.ಎಸ್. ಮಾನಿಟರು ಇವೇ ಹೆಚ್ಚು ಅವಶ್ಯ. ಮದುವಣಗಿತ್ತಿಯ ಸೀರೆ ಪರದೆಯಲ್ಲಿ ಒಂದು ಬಣ್ಣ, ಅಚ್ಚಿನಲ್ಲಿ ಇನ್ನೊಂದು ಬಣ್ಣವಾದರೆ ಬೈಗುಳ ತಿನ್ನುವವಳು ಅಕ್ಕ. ಮಾನಿಟರಿನ ಸಾಲನ್ನು ಅವಳೇ ತನ್ನ ಕೈಯಿಂದ ಬರೆದಳು. ಗಾಜಿನ ಕ್ಯಾಬಿನೆಟ್ಟು ಹೋಗಿ, ಗಾಳಿಯಾಡುವ ಜಾಳಿಗೆಯದು ಬಂತು, ದೀಪಗಳಿಲ್ಲ. ಎಸ್.ಎಂ.ಪಿ.ಎಸ್. ಹೆಸರಿರುವ ಕಂಪನಿಯದು, ೫೫೦ ವ್ಯಾಟ್, ‘೮೦ ಪ್ಲಸ್’ ಮುದ್ರೆಯದು. ಅಂದರೆ ಗೋಡೆಯಿಂದ ಎಳೆದ ವಿದ್ಯುತ್ತಿನಲ್ಲಿ ನೂರಕ್ಕೆ ಎಂಬತ್ತಾದರೂ ಒಳಗಿನವರಿಗೆ ಮುಟ್ಟಬೇಕು. ಮುಂದೆ ಕಾರ್ಡು ಬಂದರೂ ತಾಳುವಷ್ಟು ಶಕ್ತಿ ಅದರಲ್ಲಿದೆ. ಕರೆಂಟು ಹೋದಾಗ ಕೆಲಸ ಉಳಿಸಿ ಮುಚ್ಚಲು ಒಂದು ಯು.ಪಿ.ಎಸ್. ಸಹ ಸೇರಿತು.

ಕೊನೆಯ ಸಾಲನ್ನು ನಾನು ಸೇರಿಸಿದೆ: ಪ್ರತಿ ಇಡಲು ಹೊರಗಿನ ಹಾರ್ಡ್ ಡಿಸ್ಕ್ ಒಂದು. ಮೊತ್ತ ೫೦,೦೦೦ದೊಳಗೆ ನಿಂತಿತು. ಎಲ್ಲಕ್ಕೂ ಬಿಲ್ ಪಡೆಯಬೇಕೆಂದು ನನ್ನ ತಂಗಿ ಒಳಗಿನಿಂದಲೇ ಕೂಗಿ ಹೇಳಿದಳು. ಬಿಲ್ ಇಲ್ಲದಿದ್ದರೆ ವಾರಂಟಿ ಇಲ್ಲ ಎಂಬುದು ಮಿಕ್ಸಿ ಕೊಂಡು ಪಟ್ಟ ಅನುಭವದಿಂದ ಅವಳಿಗೆ ಗೊತ್ತಿತ್ತು.

ಸಾಮಾನುಗಳು ಒಂದು ವಾರದಲ್ಲಿ ಹೊನ್ನಾಳಿಯ ಮನೆ ಬಾಗಿಲಿಗೇ ಬಂದವು. ನಮ್ಮ ಕಾಲದ ರಾತ್ರಿ ಬಸ್ಸಿನ ಪ್ರಯಾಣ ಬೇಕಾಗಲಿಲ್ಲ. ಆ ಪ್ರೊಸೆಸರಿನ ಚಿಪ್ಪು ತೈವಾನಿನಲ್ಲಿ ಎರಕಗೊಂಡದ್ದು. ಅದರ ಒಡೆಯರಾದ ಎ.ಎಂ.ಡಿ.ಯವರು ತಮ್ಮ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು ೨೦೨೩ರ ನವೆಂಬರಿನಲ್ಲಿ ತೆರೆದದ್ದು ಬೆಂಗಳೂರಿನಲ್ಲಿ. ಅದಕ್ಕೂ ಮುಂಚೆ ೨೦೦೮ರಲ್ಲಿಯೇ ಇಂಟೆಲ್‌ನ ಆರು ಕೋರಿನ ಒಂದು ಜೀಯಾನ್ ಪ್ರೊಸೆಸರು ಬೆಂಗಳೂರಿನಲ್ಲಿ ರೂಪುಗೊಂಡಿತ್ತು. ಚಿಪ್ಪನ್ನು ರೂಪಿಸುವವರು ನಮ್ಮವರೂ ಹೌದು, ಕೊಳ್ಳುವವರು ನಮ್ಮವರೂ ಹೌದು. ನಡುವೆ ಮಾಡುವ ಕೆಲಸ, ದರ ಕಟ್ಟುವ ಕೆಲಸ ಇವೆರಡು ಮಾತ್ರ ಇನ್ನೂ ದೂರದಲ್ಲಿವೆ.

ಜೋಡಿಸುವ ದಿನ ನಾನೂ ಹೋಗಿದ್ದೆ. ಅಕ್ಕ ಟಾರ್ಚು ಹಿಡಿದಳು, ತಮ್ಮ ಸ್ಕ್ರೂ ತಿರುಗಿಸಿದ. ಮೊದಲ ಸಲ ಗುಂಡಿ ಒತ್ತಿದಾಗ ಫ್ಯಾನು ತಿರುಗಿತೇ ಹೊರತು ಪರದೆ ಬೆಳಗಲಿಲ್ಲ. ಮನೆಯೆಲ್ಲ ಉಸಿರು ಹಿಡಿಯಿತು. ರ್‍ಯಾಮಿನ ಒಂದು ಕಡ್ಡಿ ಪೂರ್ತಿ ಕೂತಿರಲಿಲ್ಲ. ಒತ್ತಿದ, ಟಕ್ಕೆಂದಿತು, ಬೆಳಕು ಬಂತು. ನನ್ನ ತಂಗಿ ಮೂಲೆಯಿಂದ ಬಂದು ಕುಂಕುಮ ಹಚ್ಚಿದಳು.

ಬೋರ್ಡಿನ ಮೇಲೆ ಗ್ರಾಫಿಕ್ಸ್ ಕಾರ್ಡಿನ ಕಿಂಡಿ ಖಾಲಿಯಾಗಿಯೇ ಉಳಿದಿದೆ. ಅದನ್ನು ತುಂಬುವುದು ತನ್ನ ಮೊದಲ ಸಂಬಳದ ಕೆಲಸ ಎಂದು ಹುಡುಗ ಹೇಳಿದ್ದಾನೆ. ಅಲ್ಲಿಯವರೆಗೆ ಹಗಲು ಯಂತ್ರ ಅಕ್ಕನದು, ರಾತ್ರಿ ಒಂಬತ್ತರ ಮೇಲೆ ತಮ್ಮನದು ಎಂದು ಒಪ್ಪಂದವಾಗಿದೆ. ಒಪ್ಪಂದ ದಿನವೂ ಮುರಿಯುತ್ತದೆಂದು ತಂಗಿ ಫೋನಿನಲ್ಲಿ ದೂರುತ್ತಾಳೆ. ಸಂಸಾರದಲ್ಲಿ ಅದು ಇದ್ದದ್ದೇ.

ಹೋದ ಭಾನುವಾರ ಅಳಿಯ ಮತ್ತೆ ಚನ್ನಗಿರಿಗೆ ಬಂದಿದ್ದ. ಫೋನನ್ನು ನನ್ನ ಮುಂದಿಟ್ಟು, “ಮಾವ, ಅಜ್ಜ ಹೇಳಿದ್ದು ನಿಮಗೆ ಎಷ್ಟು ನೆನಪಿದೆಯೋ ಅಷ್ಟು ಹೇಳಿ. ನಾನು ರೆಕಾರ್ಡ್ ಮಾಡ್ಕೊಂಡು ಹೋಗಿ ಟೈಪ್ ಮಾಡ್ತೀನಿ. ಎರಡು ಕಡೆ ಇಡ್ತೀನಿ” ಎಂದ. ಎಲ್ಲಿಂದ ಶುರು ಮಾಡಲೆಂದು ಸ್ವಲ್ಪ ಹೊತ್ತು ತೋಚಲಿಲ್ಲ. ಆಮೇಲೆ ಕೆರೆ ಕೋಡಿ ಬಿದ್ದ ವರ್ಷದಿಂದ ಶುರು ಮಾಡಿದೆ.